ಉರ್ವ ಬಸ್ಸಿನ ಕ್ಯಾಸೆಟ್

ಕೋಪ ಬಂದರೆ ನನಗೆ ಊಟ ಸೇರುವುದಿಲ್ಲ. ಸಂಘಟಕರು ಅಚ್ಚು ಹಾಕಿಸಿದ ಆ ಆಮಂತ್ರಣ ಪತ್ರಿಕೆ ಕೈಗೆ ಬಂದ ದಿನ ಎದುರಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಇದ್ದರೂ ತಟ್ಟೆ ಸರಿಸಿ ಎದ್ದೆ. ‘ಹಳೆಯ ಕಂಪ್ಯೂಟರುಗಳ ಪ್ರದರ್ಶನ, ಸಂಗ್ರಹ: ರತ್ನಾವತಿ, ಉರ್ವ’ ಎಂದು ನನ್ನ ಹೆಸರು ಕೆಳಗೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಮೇಲೆ ಮಾತ್ರ ದಪ್ಪಕ್ಕೆ, ‘ಮುಖ್ಯ ಅತಿಥಿ: ಬಾಲ್ಯದಲ್ಲೇ ಕಂಪ್ಯೂಟರ್ ಆಟ ತಯಾರಿಸಿದ ಪ್ರತಿಭೆ ಶ್ರೀ ದೀಪೇಶ್, ಪಡೀಲ್’. ದೀಪೇಶ ನನ್ನ ತಮ್ಮ. ಆ ಆಟ ತಯಾರಿಸಿದ್ದು ನಾನು.

ಎಂಬತ್ತೆಂಟರಲ್ಲಿ ಅಪ್ಪ ಬಹರೈನಿನಿಂದ ರಜೆಯಲ್ಲಿ ಬರುವಾಗ ಒಂದು ಕಂಪ್ಯೂಟರ್ ತಂದಿದ್ದರು. ಒತ್ತುವ ಗುಂಡಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬಿ ಅಕ್ಷರ. ಅದನ್ನು ಟೀವಿಗೆ ಜೋಡಿಸಬೇಕು, ಬರೆದದ್ದನ್ನು ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟಿನಲ್ಲೇ ತುಂಬಿಸಿಡಬೇಕು. ದೀಪೇಶ ಅದರಲ್ಲಿ ಆಡಿದ, ನಾನು ಅದರ ಪುಸ್ತಕ ಓದಿದೆ. ಓದಿ ಓದಿ ಒಂದು ಆಟ ಮಾಡಿದೆ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉರ್ವಕ್ಕೆ ಸಿಟಿ ಬಸ್ ಓಡಿಸುವುದು. ಒಂದು ಸ್ಟಾಪಿನಲ್ಲಿ ಹೆಚ್ಚು ಹೊತ್ತು ನಿಂತಿರೋ, ಟೈಮಿಂಗ್ ತಪ್ಪಿತು, ಹಿಂದಿನ ಬಸ್ಸು ಹಾರ್ನ್ ಹೊಡೆದು ಮುಂದೆ ನುಗ್ಗಿ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಮಂಗಳೂರಿನ ಬಸ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರ್ವ ತಲುಪಿ ಗೆದ್ದವರಿಗೆ ಮಾತ್ರ ಕೊನೆಯಲ್ಲಿ ನನ್ನ ಹೆಸರು ಕಾಣುತ್ತಿತ್ತು.

ಮರುವರ್ಷ ಶಾಲೆಯ ವಿಜ್ಞಾನ ಪ್ರದರ್ಶನ ಬಂದಾಗ ಅಮ್ಮ ಕಂಪ್ಯೂಟರನ್ನೂ ನನ್ನ ಆಟದ ಕ್ಯಾಸೆಟ್ಟನ್ನೂ ದೀಪೇಶನ ಕೈಯಲ್ಲಿ ಕೊಟ್ಟು ಕಳುಹಿಸಿದರು. ನಿನಗೆ ಹತ್ತನೆಯ ಪರೀಕ್ಷೆ ಉಂಟು, ಕೂತು ಓದು ಎಂದರು. ಅಲ್ಲಿ ಒಬ್ಬರಿಗೂ ಉರ್ವ ತಲುಪಲು ಆಗಲಿಲ್ಲ, ಹಾಗಾಗಿ ನನ್ನ ಹೆಸರನ್ನು ಯಾರೂ ನೋಡಲಿಲ್ಲ. ತಮ್ಮ ಕಪ್ ಹಿಡಿದು ಬಂದ. ಮತ್ತೆ ಮೂವತ್ತಾರು ವರ್ಷ ಆ ಕಪ್ ಅವನ ಷೋಕೇಸಿನಲ್ಲಿ, ಆಮೇಲೆ ಅವನ ಕಂಪ್ಯೂಟರ್ ಅಂಗಡಿಯ ಕೌಂಟರಿನ ಮೇಲೆ ಕೂತಿತು. ನಾನು ಬಾಯಿ ತೆರೆದರೆ ಅಮ್ಮ, ಯಾರು ಮಾಡಿದರೆ ಎಂತ, ಮನೆಯ ಮಕ್ಕಳೇ ಅಲ್ಲವಾ ಎಂದು ಮುಚ್ಚಿಸಿಬಿಡುತ್ತಿದ್ದರು.

ನಾನು ಲೆಕ್ಕದ ಟೀಚರ್ ಆದೆ. ಆ ಕಂಪ್ಯೂಟರನ್ನು ಯಾವಾಗಲೋ ಮಾರಿದ್ದರು. ಆರು ವರ್ಷದ ಹಿಂದೆ ಬಂದರಿನಲ್ಲಿ ಜಮಾಲುದ್ದೀನರ ಗುಜರಿ ಅಂಗಡಿಯಲ್ಲಿ ಮುರುಕು ಫ್ಯಾನುಗಳ ಅಡಿಯಿಂದ ಅರಬಿ ಅಕ್ಷರದ ಗುಂಡಿಗಳು ಇಣುಕಿದವು. ನಮ್ಮದಲ್ಲ, ಅದೇ ಜಾತಿಯದ್ದು. ಎತ್ತಿಕೊಂಡಾಗ ನನಗೆ ಅಳು ಬಂತು ಎಂದರೆ ನಗಬೇಡಿ. ಜಮಾಲುದ್ದೀನ್ ಒಂದು ವಾರ ಕೂತು ಅದಕ್ಕೆ ಜೀವ ಬರಿಸಿದರು. ಆಮೇಲೆ ಹುಚ್ಚು ಹತ್ತಿತು. ಗಲ್ಫಿನಿಂದ ಬಂದ ಯಾರ ಮನೆಯ ಅಟ್ಟವನ್ನೂ ನಾನು ಬಿಡಲಿಲ್ಲ, ಈಗ ಹನ್ನೊಂದು ಕಂಪ್ಯೂಟರುಗಳಿವೆ, ಹನ್ನೊಂದೂ ಓಡುತ್ತವೆ.

ಇಷ್ಟಿದ್ದೂ ನನ್ನ ಆಟ ಇರಲಿಲ್ಲ. ಆಮಂತ್ರಣ ಬಂದ ವಾರವೇ, ತೀರಿಹೋದ ಅಪ್ಪನ ಬಹರೈನ್ ಸೂಟ್‌ಕೇಸನ್ನು ಸಿಟ್ಟಿನಲ್ಲಿ ಮಗುಚಿ ಹಾಕಿದೆ. ಆ ಕಾಲದಲ್ಲಿ ಫೋನು ಮಾಡುವುದೆಂದರೆ ಕೈ ಸುಡುವ ಖರ್ಚು, ಅಮ್ಮನಿಗೆ ಬರೆಯಲು ಬಾರದು. ಹೇಳಬೇಕಾದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮಾತಾಡಿ, ಹೋಗುವವರ ಕೈಯಲ್ಲಿ ಅಪ್ಪನಿಗೆ ಕೊಟ್ಟು ಕಳುಹಿಸುತ್ತಿದ್ದರು. ಅಂಥ ಕ್ಯಾಸೆಟ್ಟುಗಳ ಕಟ್ಟಿನಲ್ಲಿ ನನ್ನ ಅಕ್ಷರದ್ದೊಂದಿತ್ತು, ‘ಉರ್ವ ಬಸ್’. ಅಪ್ಪ ಇದನ್ನು ಪ್ರೀತಿಯಿಂದ ಕೊಂಡುಹೋಗಿರಬೇಕು ಎಂದುಕೊಂಡೆ.

ಟೇಪನ್ನು ಒರೆಸಿ ಪರೀಕ್ಷಿಸಿದ ಜಮಾಲುದ್ದೀನ್ ತಲೆಯಾಡಿಸಿದರು. “ಒಮ್ಮೆ ಓಡ್ಬಹುದು ಟೀಚರ್. ಎರಡನೇ ಸಲಕ್ಕೆ ನಾನು ಗ್ಯಾರಂಟಿ ಕೊಡುವುದಿಲ್ಲ.”

ಒಂದೇ ಸಲ ಎಂದಾದರೆ ಅದು ಎಲ್ಲರ ಕಣ್ಣೆದುರು, ಅವನ ಕಣ್ಣೆದುರು ಆಗಲಿ ಎಂದು ನಾನೂ ಹಟ ಹಿಡಿದೆ. ನನ್ನ ಹೆಸರು ಪರದೆಯ ಮೇಲೆ ಬರಬೇಕು, ಅಷ್ಟೇ.

ಪ್ರದರ್ಶನದ ದಿನ ಕೊಡಿಯಾಲ್‌ಬೈಲಿನ ಸಭಾಂಗಣ ತುಂಬಿತ್ತು. ಅಮ್ಮ ಎದುರಿನ ಸಾಲಿನಲ್ಲಿ ಜರಿಸೀರೆ ಉಟ್ಟು ಕೂತಿದ್ದರು. ದೀಪೇಶ ಮೈಕಿನಲ್ಲಿ ತಾನು ಹದಿಮೂರರ ವಯಸ್ಸಿನಲ್ಲಿ ನಿದ್ದೆಗೆಟ್ಟು ಬಸ್ಸಿನ ಆಟ ತಯಾರಿಸಿದ ಕತೆಯನ್ನು ಭಾರೀ ಚಂದ ಮಾಡಿ ಹೇಳಿದ. ನಾನು ಹಲ್ಲು ಕಚ್ಚಿ ಕ್ಯಾಸೆಟ್ ಹಾಕಿದೆ. ಕೀಂ ಎಂಬ ಸದ್ದು ಸ್ಪೀಕರಿನಲ್ಲಿ ಹೊರಟಿತು, ಪ್ರೋಗ್ರಾಂ ಒಳಗೆ ಇಳಿಯತೊಡಗಿತು. ಎರಡು ನಿಮಿಷ ಎಲ್ಲ ಸರಿ. ಆಮೇಲೆ ಸದ್ದು ತಟ್ಟನೆ ನಿಂತು, ಪರದೆಯ ಮೇಲೆ ತಪ್ಪು ಎಂಬ ಸೂಚನೆ ಬಂತು. ಮುಕ್ಕಾಲು ಆಟ ಬಂದಿತ್ತು. ಹೆಸರಿದ್ದ ಕೊನೆಯ ಭಾಗ ಬರಲಿಲ್ಲ.

ಹಳೆಯ ಕೆಲಸ, ಹಾಳಾದರೆ ಬೇಸರವಿಲ್ಲ ಎಂದು ದೀಪೇಶ ಜನರಿಗೆ ಸಮಾಧಾನ ಹೇಳುತ್ತಿದ್ದ. ಕ್ಯಾಸೆಟ್ ಇನ್ನೂ ತಿರುಗುತ್ತಲೇ ಇತ್ತು. ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. ಮತ್ತೆ ಒಂದು ಹೆಣ್ಣು ಸ್ವರ, ತುಳುವಿನಲ್ಲಿ. ಅಪ್ಪನಿಗೆ ಕಳುಹಿಸಲು ಖಾಲಿ ಕ್ಯಾಸೆಟ್ ಸಿಗದೆ ಅಮ್ಮ ನನ್ನ ಬಸ್ಸಿನ ಬಾಲದ ಮೇಲೆಯೇ ಮಾತಾಡಿಬಿಟ್ಟಿದ್ದರು.

“ಕೇಳ್ತದಾ? ದೀಪುವಿಗೆ ಕಪ್ ಬಂತು ಅಂತ ಹೇಳಿದೆ ಅಲ್ವಾ, ಆ ಬಸ್ಸಿನ ಆಟ ಮಾಡಿದ್ದು ರತ್ನ. ಮದುವೆಯಾಗಿ ಹೋಗುವ ಹುಡುಗಿಗೆ ಕಪ್ ಎಂತಕ್ಕೆ ಅಂತ ನಾನೇ ಅವನ ಕೈಯಲ್ಲಿ ಕಳಿಸಿದೆ. ಎರಡು ದಿನದಿಂದ ಅವಳು ಅನ್ನ ಮುಟ್ಟಲಿಲ್ಲ. ನನಗೇ ತಡೆಯುವುದಿಲ್ಲ. ಬರುವಾಗ ಅವಳಿಗೊಂದು ವಾಚು ತನ್ನಿ. ಎಂತಕ್ಕೆ ಅಂತ ಹೇಳ್ಬೇಡಿ.”

ಅಪ್ಪ ವಾಚು ತಂದಿದ್ದರು. ಯಾಕೆಂದು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ.

ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಎಪ್ಪತ್ತೆಂಟು ವರ್ಷದ ಆ ಹೆಂಗಸು ಆವತ್ತಿನವರೆಗೆ ಸಭೆಯಲ್ಲಿ ಒಂದು ಮಾತೂ ಆಡಿದವರಲ್ಲ.

“ಸ್ವರ ನನ್ನದೇ,” ಎಂದರು. “ದೀಪು, ಆ ಮೈಕ್ ಬಿಡು.”

ದೀಪೇಶ ಮೈಕ್ ಬಿಟ್ಟ. ನಾನು ಗುಂಡಿಗಳ ಮುಂದೆ ಕೂತೆ. ಹೋದದ್ದು ಹದಿನಾಲ್ಕು ಸಾಲು. ಬಾಯಿಪಾಠ ಇತ್ತೆಂದಲ್ಲ, ಮೊದಲಿನದ್ದನ್ನು ನೋಡಿದರೆ ಮುಂದೆ ಏನು ಬರಬೇಕೆಂದು ಮಾಡಿದವರಿಗೆ ಗೊತ್ತಿರುತ್ತದೆ. ಒಂದೊಂದಾಗಿ ಹೊಡೆದೆ. ಎರಡು ಕಡೆ ತಪ್ಪಿ, ತಿದ್ದಿದೆ. ಹನ್ನೆರಡನೆಯ ಸಾಲಿಗೆ ಬರುವಾಗ ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಸುಮ್ಮನಿರಿ, ಲೆಕ್ಕ ತಪ್ಪುತ್ತದೆ ಎಂದು ಗದರಿದೆ. ಅಭ್ಯಾಸ, ಏನು ಮಾಡುವುದು.

ಬಸ್ಸು ಹೊರಟಿತು. ಹಂಪನಕಟ್ಟೆ, ಲಾಲ್‌ಬಾಗ್, ಲೇಡಿಹಿಲ್. ಹಿಂದಿನ ಬಸ್ಸು ಎರಡು ಸಲ ಮೂಗು ತೂರಿಸಿತು, ನಾನು ಬಿಟ್ಟುಕೊಡಲಿಲ್ಲ. ಉರ್ವ ಬಂತು, ಹೆಸರೂ ಬಂತು. ಜನ ಎದ್ದು ನಿಂತು ಕೂಗಿದರು. ಜಮಾಲುದ್ದೀನ್ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಆದ ಸಂತೋಷವನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಆದರೂ ಒಂದು ಬಾಕಿ ಇತ್ತು. ನಾನು ಮೈಕನ್ನು ತಮ್ಮನ ಮುಂದೆ ಚಾಚಿದೆ. ಅವನು ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಮೈಕ್ ತೆಗೆದುಕೊಂಡ.

“ಈ ಆಟ ಮಾಡಿದ್ದು ನನ್ನ ಅಕ್ಕ, ರತ್ನಾವತಿ. ನಾನು ಆಡಿದ್ದು ಮಾತ್ರ.”

ಮೈಕು ಸರಿಯಾಗಿಯೇ ಇತ್ತು. ಆದರೂ ಹಿಂದಿನವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಅವನು ಹೇಳಿದ.