ಬೂದು ಚೌಕದಲ್ಲಿ ಮೂಡಿದ ಟೋಪಿಗಳು

ಪಾರ್ಮಾ ಊರಿನ ಆಪೆರಾ ವೇಷಭೂಷಣಗಳ ಉಗ್ರಾಣದಲ್ಲಿ ನಿವೆಸ್‌ಗೆ ಸೂಜಿ ದಾರದ ಗೊಡವೆ ಇರಲಿಲ್ಲ. ಅಲ್ಲಿನ ನಿಲುವಂಗಿ, ಟೋಪಿಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಓರಣವಾಗಿ ಇಟ್ಟುಕೊಳ್ಳುವುದು ಅವಳ ಕೆಲಸ. ಒಂದು ದೊಡ್ಡ ಫೋಟೋ ಹಾಕಿದರೆ ಅದರ ಚಿಕ್ಕ ಪ್ರತಿ ಮಾಡುವುದು, ಹಿಂದಿನ ಗೋಡೆಯನ್ನು ಅಳಿಸುವುದು, ಬಣ್ಣ ಗುರುತಿಸುವುದು, ಇದನ್ನೆಲ್ಲ ಯಂತ್ರ ಯಾರ ಕಣ್ಣಿಗೂ ಬೀಳದೆ ಸರದಿಯ ಪ್ರಕಾರ ಮುಗಿಸುತ್ತಿತ್ತು. ಆ ಸರದಿ ಎಲ್ಲೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವವಳು ನಿವೆಸ್.

ಆ ಬೆಳಿಗ್ಗೆ ಅವಳು ಕೋಟು ಕಳಚುವ ಮೊದಲೇ ಟೋಪಿ ವಿಭಾಗದ ಹಿರಿಯ ಹೊಲಿಗೆಯಾಕೆ ಎರ್ಸಿಲಿಯಾ ಬಂದು ಎದುರಿಗೆ ನಿಂತರು.

"ನಿನ್ನ ಯಂತ್ರಕ್ಕೆ ಏನು ಬಡಕೊಂಡಿದೆ ಕಣೇ? ನಿನ್ನೆ ಟೋಪಿ ಫೋಟೋ ಎಲ್ಲಾ ಹಾಕಿದೀನಿ. ಇವತ್ತು ನೋಡಿದ್ರೆ ಬರೀ ಬೂದು ಚೌಕ!"

ಅವರ ಅವಸರಕ್ಕೆ ಕಾರಣವಿತ್ತು. ಮಧ್ಯಾಹ್ನ ಟೋಪಿ ಆರಿಸಲು ಫೋಸ್ಕಾ ಬರುವವಳಿದ್ದಳು. ಒಂದು ಕಾಲಕ್ಕೆ ಎರ್ಸಿಲಿಯಾರ ಕೈಕೆಳಗೆ ಹೊಲಿಗೆ ಕಲಿತವಳು, ಈಗ ದೊಡ್ಡ ರಂಗಮಂದಿರಗಳಿಗೆ ವೇಷ ಆರಿಸಿಕೊಡುವವಳು. ಕೆಲಸ ಬಿಟ್ಟು ಹೋಗುವಾಗ ಈ ಜಾಗವನ್ನು ನುಸಿ ಹಿಡಿದ ನೆಲಮಾಳಿಗೆ ಎಂದಿದ್ದಳು. ಎರ್ಸಿಲಿಯಾಗೆ ಆ ಮಾತು ಇನ್ನೂ ಅರಗಿರಲಿಲ್ಲ. ಕಂಪ್ಯೂಟರ್ ಕಂಡರೆ ಮುಖ ಸಿಂಡರಿಸುತ್ತಿದ್ದ ಅವರು ನಿನ್ನೆ ತಾವೇ ಅದರ ಮುಂದೆ ಕೂತಿದ್ದು ಅದಕ್ಕೇ.

ನಿವೆಸ್ ಸರದಿಯನ್ನು ತೆರೆದು ನೋಡಿದಳು. ಸಾವಿರಾರು ಕೆಲಸಗಳು ಸಾಲುಗಟ್ಟಿ ನಿಂತಿದ್ದವು. ಅವೇ ಬಟ್ಟೆಗಳು, ಮತ್ತೆ ಮತ್ತೆ.

"ಅಮ್ಮಾ, 'ಮತ್ತೆ ತಯಾರಿಸು' ಅನ್ನೋ ಬಟನ್ ಒತ್ತಿದ್ರಾ?"

"ಒತ್ತಿದೆ. ಏನೂ ಬರಲಿಲ್ಲ. ಅದಕ್ಕೆ ಮತ್ತೆ ಒತ್ತಿದೆ."

"ಎಷ್ಟು ಸಲ?"

"ಲಿಫ್ಟ್ ಬರದಿದ್ರೆ ನೀನೇನು ಎಣಿಸ್ಕೊಂಡು ಒತ್ತುತೀಯಾ?"

ನಿವೆಸ್ ನಗು ತಡೆದುಕೊಂಡಳು. "ನೀವು ಒತ್ತಿದಾಗಲೆಲ್ಲ ಟೋಪಿಗಳು ತಮ್ಮ ಜಾಗ ಬಿಟ್ಟು ಸರದಿಯ ಬಾಲಕ್ಕೆ ಹೋಗಿ ನಿಂತಿವೆ. ಜೊತೆಗೆ ಆ ಬಟನ್ ಉಗ್ರಾಣದ ಮಿಕ್ಕ ಬಟ್ಟೆನೆಲ್ಲ ಮತ್ತೆ ಸಾಲಿಗೆ ಎಳ್ಕೊಂಡು ಬಂದಿದೆ."

ಎರ್ಸಿಲಿಯಾರ ದನಿ ಇಳಿಯಿತು. "ಹಂಗಾದ್ರೆ ಎಲ್ಲಾ ಅಳಿಸಿಬಿಡೇ."

ಅಷ್ಟು ಸುಲಭವಿರಲಿಲ್ಲ. ಸಾಲಿನ ನಡುವೆ ಛಾಯಾಗ್ರಾಹಕ ತೋನಿನೋನ ನಿಲುವಂಗಿಗಳಿದ್ದವು. ಒಂದೊಂದರ ಅಂಚನ್ನೂ ಅವನು ಫೋಟೋದಲ್ಲಿ ಕೈಯಾರೆ ಗೆರೆ ಎಳೆದು ಗುರುತಿಸಿಕೊಟ್ಟಿದ್ದ. ಎಲ್ಲವನ್ನೂ ಅಳಿಸಿದರೆ ಅವನ ಶ್ರಮ ನೀರುಪಾಲು. ನಿವೆಸ್ ಅವನ ಕೆಲಸವನ್ನು ಇದ್ದಲ್ಲೇ ತಡೆದು ನಿಲ್ಲಿಸಿದಳು. ಎರಡೆರಡು ಸಲ ಬಂದವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ತೆಗೆದಳು. ಟೋಪಿಗಳನ್ನು ಮುಂದಕ್ಕೆ ತಂದಳು. ಸರದಿ ಒಂದು ಹೆಜ್ಜೆ ಸರಿದು ಮತ್ತೆ ನಿಂತಿತು.

ಈ ಸಲ ಅಡ್ಡ ನಿಂತಿದ್ದು ಒಂದೇ ಟೋಪಿ, ಗರಿಗಳದ್ದು. ಎರ್ಸಿಲಿಯಾ ಅದನ್ನು ವಿಪರೀತ ದೊಡ್ಡ ಅಳತೆಯಲ್ಲಿ ತೆಗೆದಿದ್ದರು. ಯಂತ್ರ ಅದನ್ನು ಎತ್ತಿಕೊಳ್ಳುತ್ತಿತ್ತು, ಏದುಸಿರು ಬಿಟ್ಟು ಕೆಳಗಿಡುತ್ತಿತ್ತು, ಮತ್ತೆ ಅದನ್ನೇ ಎತ್ತುತ್ತಿತ್ತು.

"ಒಂದೊಂದು ಗರಿನೂ ಕಾಣಲಿ ಅಂತ," ಎಂದರು ಎರ್ಸಿಲಿಯಾ ಮೆಲ್ಲಗೆ.

"ಕಾಣುತ್ತೆ ಬಿಡಿ, ಆಮೇಲೆ ನಾನೇ ಚಿಕ್ಕದು ಮಾಡ್ತೀನಿ," ಎಂದು ನಿವೆಸ್ ಅದನ್ನು ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಫೋಸ್ಕಾ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು. ಪರದೆಯತ್ತ ಕಣ್ಣು ಹಾಯಿಸಿ, "ಏನಮ್ಮಾ, ನೆಲಮಾಳಿಗೆ ಕತ್ತಲೆ ಈಗ ಪರದೆಗೂ ಬಂತಾ?" ಎಂದಳು.

ಎರ್ಸಿಲಿಯಾರ ಮುಖ ಕೆಂಪಾಯಿತು. ನಿವೆಸ್ ನಡುವೆ ಬಾಯಿ ಹಾಕಿದಳು: "ಇನ್ನೂ ಬೇಯ್ತಾ ಇದೆ ಅಷ್ಟೆ. ಬನ್ನಿ, ಮೊದಲು ಊಟ ಮಾಡೋಣ."

ಪರದೆಯ ಎದುರಿಗೇ ಮೇಜು ಹಾಕಿದರು. ಎರ್ಸಿಲಿಯಾ ಒಳಗಿನ ಒಲೆಯ ಮೇಲೆ ಪೂರಿಯಂತೆ ಉಬ್ಬುವ ತೋರ್ತಾ ಫ್ರಿತ್ತಾ ಕರಿದು ಬಿಸಿಬಿಸಿಯಾಗಿ ತಂದರು. ಅದರ ಮೇಲೆ ತೆಳುವಾದ ಹಂದಿಮಾಂಸ, ಪಕ್ಕದಲ್ಲಿ ನೊರೆಯುಕ್ಕುವ ಕೆಂಪು ಲಾಂಬ್ರುಸ್ಕೋ ವೈನ್. ಮೂವರೂ ತಿನ್ನುತ್ತಲೇ ಪರದೆಯ ಮೇಲೆ ಕಣ್ಣಿಟ್ಟಿದ್ದರು. ಆಮೇಲೆ ಒಂದು ಬೂದು ಚೌಕದಲ್ಲಿ ನೀಲಿ ಟೋಪಿ ಮೂಡಿತು. ಅದರ ಪಕ್ಕ ಇನ್ನೊಂದು. ಫೋಸ್ಕಾ ಎಣ್ಣೆಗೈಯಲ್ಲೇ ಬೆರಳು ತೋರಿಸತೊಡಗಿದಳು. "ಅದು ನನಗೆ ಬೇಕು. ಇದೂ ಇರಲಿ. ಅಯ್ಯೋ, ಈ ಹಸಿರಿನದು ಯಾರು ಹೊಲಿದದ್ದು? ಅಂಚು ಡೊಂಕು!"

"ನೀನೇ," ಎಂದರು ಎರ್ಸಿಲಿಯಾ.

ಫೋಸ್ಕಾ ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದಳು. "ಸುಳ್ಳು!"

"ಬಿಚ್ಚಿ ಹೊಲಿ ಅಂದಿದ್ದಕ್ಕೆ ತಾನೇ ಸಿಟ್ಟು ಮಾಡ್ಕೊಂಡು ಹೋಗಿದ್ದು ನೀನು?"

ಫೋಸ್ಕಾ ಎಷ್ಟು ನಕ್ಕಳೆಂದರೆ ಲಾಂಬ್ರುಸ್ಕೋ ನೆತ್ತಿಗೇರಿತು. ಎರ್ಸಿಲಿಯಾ ಎದ್ದು ಅವಳ ಬೆನ್ನು ತಟ್ಟಿದರು. ತಟ್ಟುತ್ತ ತಾವೂ ನಕ್ಕರು. "ಇಷ್ಟು ವರ್ಷ ಅದನ್ನ ಯಾಕೆ ಇಟ್ಕೊಂಡಿದ್ರಿ?" ಎಂದಳು ಫೋಸ್ಕಾ, ಕಣ್ಣೊರೆಸಿಕೊಳ್ಳುತ್ತ.

"ವಿದೂಷಕರಿಗೆ ಚೆನ್ನಾಗಿ ಒಪ್ಪುತ್ತೆ ಕಣೇ. ಅದಕ್ಕೇ ಬೇಡಿಕೆ ಜಾಸ್ತಿ."

ಅವರಿಬ್ಬರೂ ಗರಿಯ ಟೋಪಿಯನ್ನು ಕಣ್ಣಾರೆ ನೋಡಲು ಕಪಾಟುಗಳ ಕಡೆ ನಡೆದರು. ದಾರಿಯುದ್ದಕ್ಕೂ ಗರಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಜಗಳ. ನಿವೆಸ್ ತೋನಿನೋನ ನಿಲುವಂಗಿಗಳನ್ನು ಮತ್ತೆ ಚಾಲೂ ಮಾಡಿದಳು. ಒಂದು ಸಲ ಒತ್ತಿದರೆ ಆ ಕೆಲಸ ಮುಗಿಯುವ ತನಕ ಮತ್ತೆ ಒತ್ತಲಾಗದಂತೆ ಬಟನ್ನಿಗೆ ತಡೆ ಹಾಕಿದಳು. ಸರದಿ ಸದ್ದಿಲ್ಲದೆ ಸಾಗುತ್ತಿತ್ತು. ತಟ್ಟೆಯಲ್ಲಿ ಇನ್ನೂ ಎರಡು ತೋರ್ತಾ ಉಳಿದಿದ್ದವು. ಅವಳು ಕಾಲು ಚಾಚಿ ಕೂತು ಅವನ್ನು ನಿಧಾನವಾಗಿ ತಿಂದಳು.