ಮಾವನ ನಾಲಿಗೆ

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೇ? ಕನ್ನಡಕದ ಅಂಗಡಿಯ ಅಳಿಯನಿಗೆ ಈ ಗಾದೆ ಗೊತ್ತಿರಲಿಲ್ಲವೆಂದಲ್ಲ. ಕಂಡಕಂಡವರ ಕಣ್ಣು ಪರೀಕ್ಷೆ ಮಾಡುವ ಈ ಮಹಾರಾಯ, ಮಾವನ ಬೀರುವಿನ ಮುಂದೆ ನಿಂತಾಗ ಮಾತ್ರ ಅದನ್ನು ಮರೆತುಬಿಟ್ಟ.

ಮಾವ ಚಹಾ ಕಂಪನಿಯಲ್ಲಿ ರುಚಿ ನೋಡುವವರು. ಒಂದು ಗುಟುಕು ಸೊರ್ರೆಂದು ಎಳೆದು, ಉಗಿದು, ಇದು ಇಂಥದ್ದು ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ವರ್ಷವಿಡೀ ಉಗಿಯುವ ಮನುಷ್ಯನಿಗೆ ನುಂಗುವ ಸುಖ ಸಿಗುತ್ತಿದ್ದುದು ವರ್ಷದ ಕೊನೆಯ ರಜೆಯಲ್ಲಿ. ಯಾರೂ ಹೆಸರು ಕೇಳದ ಐರಿಶ್ ವಿಸ್ಕಿ ಹುಡುಕಿ ತರುವುದು ಅವರ ಹುಚ್ಚು. ಒಂದು ಸಲ ಹೊಗೆ ವಾಸನೆಯದು, ಇನ್ನೊಂದು ಸಲ ದ್ರಾಕ್ಷಾರಸದ ಪೀಪಾಯಿಯಲ್ಲಿ ಮಲಗಿ ಎದ್ದದ್ದು. ಹೋದ ವರ್ಷ ಸಿಕ್ಕಿದ್ದು ಎಲ್ಲಕ್ಕಿಂತ ಮೇಲು: ಮೊಳಕೆ ಬಾರದ ಬಾರ್ಲಿಯನ್ನೂ ಬೆರೆಸಿ ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿದ್ದು. ಬಾಯಿಗಿಟ್ಟರೆ ಮೊದಲು ಹಸಿರು ಸೇಬಿನ ರುಚಿ, ಆಮೇಲೆ ಕಾಳುಮೆಣಸು, ಕೊನೆಗೆ ಜೇನು. ಮಿಕ್ಕಿದ್ದನ್ನು ಈ ವರ್ಷಕ್ಕಿರಲಿ ಎಂದು ಬೀರುವಿನಲ್ಲಿಟ್ಟಿದ್ದರು.

ನಡುವೆ ಒಂದು ಹಾಳು ಜ್ವರ ಬಂದು ಅವರ ನಾಲಿಗೆಯ ರುಚಿಯನ್ನೆಲ್ಲ ಹೊತ್ತುಕೊಂಡು ಹೋಯಿತು. ರಜೆ ಮುಗಿಯುವವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದರು ಕಂಪನಿಯವರು. ಈಚೆಗೆ ರುಚಿ ಮರಳುತ್ತಿದೆಯೇನೋ ಎಂದು ಮಾವನಿಗೆ ಅನ್ನಿಸುತ್ತಿತ್ತು, ನಂಬಲು ಧೈರ್ಯವಿರಲಿಲ್ಲ. ಆ ವಿಸ್ಕಿಯ ರುಚಿ ನನಗೆ ಬಾಯಿಪಾಠ, ನಾಳೆ ರಜೆಯ ಮೊದಲ ದಿನ, ಅದರಲ್ಲೇ ನಾಲಿಗೆಯ ಪರೀಕ್ಷೆ ಮಾಡುತ್ತೇನೆ ಎಂದು ನಿನ್ನೆ ಮಗಳಿಗೂ ಅಳಿಯನಿಗೂ ಹೇಳಿದರು.

ಅಳಿಯನ ಮುಖದಲ್ಲಿ ರಕ್ತವಿರಲಿಲ್ಲ. ಹೋದ ವಾರ ಮನೆಯಲ್ಲಿ ಯಾರೂ ಇಲ್ಲದಾಗ ಅವನು ಗೆಳೆಯರನ್ನು ಕರೆದು, ಇಂಥದ್ದನ್ನು ನಿಮ್ಮ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ ಎಂದು ಜಂಬ ಕೊಚ್ಚಿ ಬಾಟಲಿ ಬಿಚ್ಚಿದ್ದ. ತಳ ಕಂಡದ್ದೇ ತಡ, ಅಡುಗೆಮನೆಗೆ ಓಡಿ, ಬೆಳಗಿನ ಚಹಾ ಚರಟವನ್ನೇ ಮತ್ತೆ ಕುದಿಸಿ, ಬಣ್ಣ ಕೂಡುವ ಹಾಗೆ ಸೋಸಿ ತುಂಬಿಸಿಟ್ಟಿದ್ದ. ಚಹಾದವರ ಮನೆಯಲ್ಲಿ ಚಹಾದಿಂದಲೇ ಮೋಸ! ಮಾವನ ನಾಲಿಗೆ ಹೇಗೂ ಸತ್ತಿದೆ, ಏನು ತಿಳಿದೀತು ಎಂದುಕೊಂಡಿದ್ದ. ಈಗ ಅದನ್ನು ನೆನೆದರೆ ಅವನಿಗೆ ತನ್ನ ಮೇಲೇ ಹೇಸಿಗೆ ಬರುತ್ತಿತ್ತು.

ಸಂಜೆ ಮಾವ ಕೈ ತೊಳೆದುಕೊಂಡು ಬಂದು, ಕಣ್ಣು ಮುಚ್ಚಿ ಒಂದು ಗುಟುಕು ಎಳೆದರು. ಇನ್ನೊಂದು ಎಳೆದರು. ಮುಖ ಬಾಡಿತು.

"ಇನ್ನು ಕೆಲಸಕ್ಕೆ ಬರಲ್ಲ ಅಂತ ನಾಳೆ ಕಂಪನಿಗೆ ಹೇಳ್ಬಿಡ್ತೀನಿ" ಎಂದರು ತಲೆ ತಗ್ಗಿಸಿ. "ನಾಲಿಗೆಗೆ ಹುಚ್ಚು ಹಿಡಿದಿದೆ ಮಗಳೇ. ವಿಸ್ಕಿ ಕುಡಿದ್ರೆ ಚಹಾ ರುಚಿ ಬರ್ತಿದೆ. ಅದೂ ಚರಟ ಕುದಿಸಿದ ಚಹಾ."

ಸುಮ್ಮನಿದ್ದರೆ ಅಳಿಯ ಬಚಾವು. ಆದರೆ ಕೆಲಸ ಬಿಟ್ಟ ಮಾವನನ್ನು ದಿನವೂ ಎದುರಿಗೆ ಕೂತು ನೋಡುವುದು ಹೇಗೆ?

"ಅದು ಚಹಾನೇ ಮಾವ. ನಾನೇ ಹಾಕಿದ್ದು."

ಮಾವ ಬೈಯಲಿಲ್ಲ. ಚರಟದ್ದೇನಾ ಎಂದು ಎರಡು ಸಲ ಕೇಳಿ, ಹೌದೆಂದಾಗ ಕಣ್ಣಲ್ಲಿ ನೀರು ತಂದುಕೊಂಡರು. ಅಳಿಯನ ಎರಡೂ ಕೈ ಹಿಡಿದು, ನನ್ನನ್ನು ಪರೀಕ್ಷೆ ಮಾಡಲಿಕ್ಕೆ ಹೀಗೆ ಮಾಡಿದಿರಾ, ಎಂಥ ತಲೆ ನಿಮ್ಮದು ಎಂದು ಹೊಗಳಿದರು. ಅಳಿಯ ಹೂಂ ಎಂದುಬಿಟ್ಟ. ನಾಚಿಕೆಗೆಟ್ಟ ಬಾಯಿ, ಹೂಂ ಎಂದೇಬಿಟ್ಟಿತು.

ಮಾವನಿಗೆ ಹುರುಪು ಬಂತು. ಮತ್ತೊಂದು ಗುಟುಕು ಎಳೆದು ಚಪ್ಪರಿಸಿದರು.

"ಹಳಸಿದ ಹುಳಿ ಇದೆ. ಕುದಿಸಿ ಒಂದು ವಾರ ಆಗಿರ್ಬೇಕು. ಸರಿನಾ?"

ಅಳಿಯನ ಹೆಂಡತಿ ತಟ್ಟನೆ ತಲೆಯೆತ್ತಿದಳು. ಪರೀಕ್ಷೆಯ ಸುದ್ದಿ ಮನೆಯಲ್ಲಿ ಎದ್ದಿದ್ದೇ ನಿನ್ನೆ. ಇಲ್ಲ ಎಂದರೆ ಮಾವನ ನಾಲಿಗೆ ಸುಳ್ಳಾಗುತ್ತದೆ, ಹೌದೆಂದರೆ ಅಳಿಯನ ಹೂಂ ಸುಳ್ಳಾಗುತ್ತದೆ.

"ಸರಿ ಮಾವ. ವಾರ ಆಯ್ತು."

ಮಾವ ನಗುತ್ತ ನಗುತ್ತಲೇ ಲೆಕ್ಕ ಹಾಕಿದರು. ನಗು ನಿಂತಿತು. ಹಿಡಿದಿದ್ದ ಕೈ ಮೆಲ್ಲಗೆ ಬಿಟ್ಟರು.

"ನಾಲಿಗೆ ಸತ್ತಿದೆ, ಗೊತ್ತಾಗಲ್ಲ ಅಂದ್ಕೊಂಡ್ರಿ. ಅದೂ ಸರಿನಾ?"

ಅಳಿಯ ನೆಲ ನೋಡುತ್ತ ಹೌದೆಂದ.