ಭೂಮಿಕಾ ಕೆಂಪಾದದ್ದು

ಮತ್ತಿಘಟ್ಟದ ಹತ್ತಿರದ ತನ್ನ ಗದ್ದೆಯಲ್ಲಿ ಬೈರ ಬದು ಕಟ್ಟುತ್ತಿದ್ದಾಗ ಶಿರಸಿಯ ಕಾಲೇಜಿನಿಂದ ಫೋನು ಬಂತು. ಮಗಳು ಭೂಮಿಕಾ ಓದು ಬಿಡುವ ಹಾಗೆ ಕಾಣುತ್ತದೆ, ನಾಳೆ ಬನ್ನಿ ಎಂದರು ಮಧುರಾ ಮೇಡಂ. ಬೈರನ ತಲೆ ಕೆಟ್ಟುಹೋಯಿತು. ಬೆಳಗಿನ ಬಸ್ಸಿಗೆ ಹೋದವಳು ಸಂಜೆಯ ಬಸ್ಸಿಗೆ ಇಳಿಯುತ್ತಾಳೆ, ಬಿಡುವುದೆಂದರೇನು? ಹೆಂಡತಿ ಗಂಗೆಗೂ ಗೊತ್ತಿರಲಿಲ್ಲ. ಯಾವನೋ ಹುಡುಗ ಇರಬೇಕು ಎಂದುಕೊಂಡವನೇ, ಮಗಳನ್ನು ಒಂದು ಮಾತೂ ಕೇಳದೆ ಎಕ್ಕಂಬಿಯ ಭಾವನಿಗೆ ಫೋನು ಹಚ್ಚಿ, ಭಾನುವಾರ ಗಂಡಿನವರನ್ನು ಕರೆತರಲು ಹೇಳಿಬಿಟ್ಟ.

ಮರುದಿನ ಮಗಳೊಂದಿಗೆ ಕಾಲೇಜಿಗೆ ಹೋದ. ಮೇಡಂ ಕಂಪ್ಯೂಟರು ತೋರಿಸಿದರು. ಪಾಠದ ವಿಡಿಯೋ ಯಾರು ಎಷ್ಟು ನೋಡಿದರೆಂದು ಅಳೆದು, ಓದು ಬಿಡುವವರು ಯಾರೆಂದು ಅದು ಮೊದಲೇ ಹೇಳುತ್ತದಂತೆ. ಭೂಮಿಕಾಳ ಹೆಸರು ಕೆಂಪು. ಪಕ್ಕದ ಮನೆಯ ಪ್ರತಿಭಾಳದು ಹಸಿರು.

"ಇವಳು ಒಂದು ಪಾಠವನ್ನೂ ತೆರೆದಿಲ್ಲ."

"ಮತ್ತೆ ದಿನಾ ಸಂಜೆ ಗುಡ್ಡದ ಮೇಲೆ ಕೂತು ನೋಡೂದು ಎಂತದು?" ಎಂದ ಬೈರ.

ಭೂಮಿಕಾ ಬಿಡಿಸಿ ಹೇಳಿದಳು. ಊರಲ್ಲಿ ಮಾತಾಡಲು ಸಿಗ್ನಲ್ ಸಿಗುತ್ತದೆ, ವಿಡಿಯೋ ಓಡುವುದಿಲ್ಲ. ಅದಕ್ಕೇ ಹುಡುಗಿಯರೆಲ್ಲ ಗುಡ್ಡ ಹತ್ತಿ ಪ್ರತಿಭಾಳ ಫೋನಿನಲ್ಲಿ, ಅವಳ ಹೆಸರಿನಲ್ಲೇ ಪಾಠ ತೆರೆದು ಒಟ್ಟಿಗೆ ನೋಡುತ್ತಾರೆ.

"ಒಂದೇ ಪಾಠಕ್ಕೆ ಅಷ್ಟೂ ಫೋನು ಎಂತಕ್ಕೆ ಮೇಡಂ?" ಎಂದಳು.

ಮೇಡಂ ಕನ್ನಡಕ ತೆಗೆದರು. ಹಾಜರಿಯೂ ಅಂಕವೂ ಚೆನ್ನಾಗಿರುವಾಗ ಕೆಂಪೇಕೆಂದು ತನಗೂ ತಿಳಿದಿರಲಿಲ್ಲ, ಹುಡುಗಿ ಓದು ಬಿಡಬಾರದೆಂದೇ ಫೋನು ಮಾಡಿದ್ದು ಎಂದರು.

"ಬಿಡ್ತಾಳೆ ಅಂದ್ರಲ್ಲ ನೀವು. ನಾ ಗಂಡಿನವ್ರಿಗೆ ಬರೂಕೆ ಹೇಳಾಯ್ತು."

ಭೂಮಿಕಾ ಅಪ್ಪನನ್ನೇ ನೋಡಿದಳು. "ನನ್ನ ಕೇಳೂಕೆ ಬಾಯಿ ಇರ್ಲಿಲ್ವಾ ಅಪ್ಪ?"

ಬೈರ ಕಾಲೇಜಿನ ಜಗುಲಿಗೆ ಹೋಗಿ ಭಾವನಿಗೆ ಫೋನು ಮಾಡಿದ. ಹುಡುಗಿ ಓದು ಬಿಡುತ್ತಾಳೋ ಇಲ್ಲವೋ ಎಂದು ಭಾವ ಕೇಳಿದ.

"ಕಂಪ್ಯೂಟರು ಬಿಡ್ತಾಳೆ ಅಂತದೆ, ಅವಳು ಬಿಡೂದಿಲ್ಲ ಅಂತಾಳೆ. ನೀ ಬರಬ್ಯಾಡ ಮಾರಾಯ."

ಇನ್ನು ಮುಂದೆ ನಿನ್ನ ಹೆಸರಿನಲ್ಲೇ ಪಾಠ ತೆರೆ ಎಂದು ಮೇಡಂ ಭೂಮಿಕಾಳಿಗೆ ಹೇಳಿ ಕಳಿಸಿದರು. ಅವಳು ಹಾಗೇ ಮಾಡಿದಳು, ಅದೇ ಪ್ರತಿಭಾಳ ಫೋನಿನಲ್ಲಿ.

ಮುಂದಿನ ತಿಂಗಳು ಒಂದು ಸಂಜೆ ಪ್ರತಿಭಾಳ ತಾಯಿ ತಿಮ್ಮಿ ಬೇಲಿಯ ಹತ್ತಿರ ಓಡಿ ಬಂದಳು. ಕಾಲೇಜಿನಿಂದ ಫೋನು ಬಂದಿತ್ತು. ಪ್ರತಿಭಾ ಓದು ಬಿಡುತ್ತಾಳಂತೆ.

"ಗಂಡು ಗಿಂಡು ಅಂತ ಹೊರಟೀಯೆ ಮತ್ತೆ," ಎಂದ ಬೈರ. "ಮೊದ್ಲು ಅವಳ್ನ ಕೇಳು."

ಗುಡ್ಡದ ಮೇಲೆ ಹುಡುಗಿಯರು ಒಂದು ಫೋನಿಗೆ ತಲೆ ಸೇರಿಸಿ ಕೂತಿದ್ದರು. ಇವತ್ತು ಯಾರ ಹೆಸರಿನಲ್ಲಿ ತೆರೆದಿದ್ದಾರೋ, ನಾಳೆ ಯಾರು ಕೆಂಪೋ, ಬೈರನಿಗೆ ಬಗೆಹರಿಯಲಿಲ್ಲ.